ಸೀರಿಯಲ್ ಮನೆಗೆ ಮೇಂಟೆನೆನ್ಸ್ ಎಷ್ಟು ಬರುತ್ತದೆ?

ಕಾಂದಿವಲಿ ಕಾವೇರಿ

ನಮ್ಮ ಮನೆಯಲ್ಲಿ ಸಂಜೆ ಏಳರಿಂದ ಹತ್ತರವರೆಗೆ ಟಿವಿ ಅತ್ತೆಯವರದ್ದು. ಕನ್ನಡ ಸೀರಿಯಲ್ ಮುಗಿದರೆ ಹಿಂದಿ, ಹಿಂದಿ ಮುಗಿದರೆ ಮರಾಠಿ. ಈಗ ಒಂದರಲ್ಲಿ ಮನೆಯವರಿಗೆ ಭಾರಿ ಕಷ್ಟ ಬಂದಿದೆ. ಅಪ್ಪನ ಕೆಲಸ ಹೋಗಿದೆ, ಮಗನಿಗೆ ಸಂಬಳ ಇಲ್ಲ, ನಾಳೆ ಊಟಕ್ಕೆ ಏನು ಗತಿ ಅಂತ ಅಮ್ಮ ಅಳುತ್ತಿದ್ದಾಳೆ. ಎಲ್ಲಿ ನಿಂತು ಅಳುತ್ತಿದ್ದಾಳೆ? ಎರಡು ಕಡೆಯಿಂದ ಮೆಟ್ಟಿಲು ಇಳಿಯುವ ಹಾಲ್‌ನಲ್ಲಿ. ತಲೆ ಮೇಲೆ ಗಾಜಿನ ಗೊಂಚಲು ದೀಪ. ಮಟಮಟ ಮಧ್ಯಾಹ್ನವೂ ಉರಿಯುತ್ತಿದೆ. ಮೊದಲು ಅದನ್ನು ಆರಿಸು ತಾಯಿ ಅಂತ ನಾನು ಅಡುಗೆಮನೆಯಿಂದ ಕೂಗಿದೆ.

ವೆಬ್ ಸೀರೀಸ್‌ಗಳದ್ದು ಇನ್ನೊಂದು ಥರ. ಹುಡುಗಿ ಮುಂಬೈಗೆ ಸ್ಟ್ರಗಲ್ ಮಾಡಲು ಬಂದಿರುತ್ತಾಳೆ. ಕಾಫಿ ಅಂಗಡಿಯಲ್ಲಿ ಕೆಲಸ. ಇರುವುದು ಮಾತ್ರ ಬಾಂದ್ರಾದಲ್ಲಿ, ಒಬ್ಬಳೇ, ಬಾಲ್ಕನಿ ಇರುವ ಮನೆಯಲ್ಲಿ. ಆ ಬಾಡಿಗೆ ಕೊಡಬೇಕಾದರೆ ಆ ಕಾಫಿ ಅಂಗಡಿಯ ಮಾಲೀಕನಿಗೂ ಕಷ್ಟ.

ನಮ್ಮ ಲೆಕ್ಕ ಕೇಳಿ. ಮುಂಬೈಯ ಕಾಂದಿವಲಿ ಪೂರ್ವ, ಒಂದು ಬೆಡ್‌ರೂಮ್, ಬಾಡಿಗೆ 28,000. ಒಳಗೆ ಕಾಲಿಡುವ ಮೊದಲೇ ಕೊಟ್ಟದ್ದು ಇಷ್ಟು: ಡಿಪಾಸಿಟ್ ಒಂದು ಲಕ್ಷ, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಮೊದಲ ತಿಂಗಳ ಬಾಡಿಗೆ, ಲೀವ್ ಅಂಡ್ ಲೈಸನ್ಸ್ ಅನ್ನುವ ಬಾಡಿಗೆ ಒಪ್ಪಂದದ ಸ್ಟ್ಯಾಂಪು, ನೋಂದಣಿ, ಸಾಮಾನಿನ ಟೆಂಪೊ. ಒಂದೂವರೆ ಲಕ್ಷ ದಾಟಿ ಎಷ್ಟೋ ಹೋಯಿತು. 11 ತಿಂಗಳು ಮುಗಿದರೆ ಮತ್ತೆ ಅದೇ ಸರ್ಕಸ್. ಬಿಲ್ಡಿಂಗ್‌ನ ಹೌಸಿಂಗ್ ಸೊಸೈಟಿಯವರು ಮೊದಲು ಕೇಳಿದ ಪ್ರಶ್ನೆ, "ಫ್ಯಾಮಿಲಿ ತಾನೆ?" ಆ ವೆಬ್ ಸೀರೀಸ್ ಹುಡುಗಿಗೆ ಯಾವ ಸೆಕ್ರೆಟರಿಯೂ ಇದನ್ನು ಕೇಳಿಲ್ಲ.

ನಿಮ್ಮ ಅನುಭವ ಹೇಳಿ. ತೆರೆಯ ಮೇಲೆ ಯಾರಾದರೂ ಸೊಸೈಟಿಗೆ ತಿಂಗಳ ಮೇಂಟೆನೆನ್ಸ್ ಕಟ್ಟಿದ್ದು ನೋಡಿದ್ದೀರಾ?

ಕಲ್ಯಾಣ್ ಲೋಕಲ್

ಬಾಡಿಗೆ ದೊಡ್ಡ ವಿಷಯ, ಅದು ಬಿಡಿ. ಚಿಲ್ಲರೆ ನೋಡಿ. ಸಿನಿಮಾದಲ್ಲಿ ಆಟೋ ಇಳಿದವರು ಮೀಟರ್ ನೋಡಿದ್ದು ಕಂಡಿದ್ದೀರಾ? ಜೇಬಿಗೆ ಕೈ ಹಾಕಿ ಸಿಕ್ಕಿದ ನೋಟು ಕೊಟ್ಟು ಓಡುತ್ತಾರೆ. ಇಲ್ಲಿ 2025ರ ಫೆಬ್ರವರಿಯಲ್ಲಿ ಆಟೋ ಮಿನಿಮಮ್ 23ರಿಂದ 26 ರೂಪಾಯಿ ಆಯಿತು. ಆ ಮೂರು ರೂಪಾಯಿಯ ಬಗ್ಗೆ ನಮ್ಮ ಆಫೀಸಿನಲ್ಲಿ ಊಟದ ಹೊತ್ತು ಪೂರ್ತಿ ಚರ್ಚೆ. ಮೇ ತಿಂಗಳಲ್ಲಿ ನಗರ ಸಾರಿಗೆಯ ಬೆಸ್ಟ್ (BEST) ಬಸ್ಸಿನ ಮಿನಿಮಮ್ 5ರಿಂದ 10ಕ್ಕೆ ಏರಿತು. ಒಂದೇ ಏಟಿಗೆ ಎರಡು ಪಟ್ಟು! ಯಾವ ಕಥೆಯಲ್ಲಿ ಬಂತು ಇದು?

ಲೋಕಲ್ ಟ್ರೇನ್ ತೋರಿಸಿದರೂ ಪ್ರೀತಿಗೆ ಅಂತ ತೋರಿಸುತ್ತಾರೆ. ಖಾಲಿ ಡಬ್ಬಿ, ಬಾಗಿಲಲ್ಲಿ ನಾಯಕಿ, ಗಾಳಿಗೆ ಹಾರುವ ಕೂದಲು. ಬೆಳಗ್ಗೆ ಎಂಟರ ಕಲ್ಯಾಣ್ ಫಾಸ್ಟ್‌ನಲ್ಲಿ ಕೂದಲು ಹಾರುವುದಿಲ್ಲ, ಅಂಗಿಯ ಗುಂಡಿ ಹಾರುತ್ತದೆ. ಪಾಸ್ ಸೆಕೆಂಡ್ ಕ್ಲಾಸೋ, ಫಸ್ಟ್ ಕ್ಲಾಸೋ, ಎಸಿಯೋ ಅನ್ನುವುದು ನಮ್ಮ ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ನಡೆಯುವ ಮಹಾಸಭೆ.

ಮಾಟುಂಗದ ಕ್ಯಾಶಿಯರ್

ನಾನು ನಿವೃತ್ತ ಬ್ಯಾಂಕ್ ನೌಕರ. ಜಾಸ್ತಿ ವರ್ಷ ಕ್ಯಾಶ್ ಕೌಂಟರಿನಲ್ಲೇ ಕಳೆದವನು. ನನಗೆ ಬಾಡಿಗೆಗಿಂತ ಸೂಟ್‌ಕೇಸ್ ದೃಶ್ಯ ನೋಡಿದರೆ ಹೊಟ್ಟೆ ಉರಿಯುತ್ತದೆ.

ಬ್ಯಾಂಕಿನಲ್ಲಿ 100 ನೋಟಿಗೆ ಒಂದು ಪ್ಯಾಕೆಟ್, 10 ಪ್ಯಾಕೆಟ್ಟಿಗೆ ಒಂದು ಬಂಡಲ್. ನೋಟೊಂದು ಹೆಚ್ಚು ಕಡಿಮೆ ಒಂದು ಗ್ರಾಂ ತೂಗುತ್ತದೆ. ಈಗಿನ 500ರ ನೋಟು 150 ಮಿ.ಮೀ. ಉದ್ದ, 66 ಮಿ.ಮೀ. ಅಗಲ. ಒಂದು ಕೋಟಿ ಅಂದರೆ 20,000 ನೋಟು, 200 ಪ್ಯಾಕೆಟ್, ಸುಮಾರು 20 ಕೆ.ಜಿ. ಖಳನಾಯಕ ಎರಡು ಬೆರಳಲ್ಲಿ ಎತ್ತಿ ಟೇಬಲ್ ಮೇಲಿಟ್ಟು ಟಕ್ ಟಕ್ ಅಂತ ಬೀಗ ತೆಗೆಯುತ್ತಾನಲ್ಲ, ಆ ಬ್ರೀಫ್‌ಕೇಸಿನಲ್ಲಿ ಅರ್ಧ ಕೋಟಿ ತುರುಕಿದರೇ ದೊಡ್ಡದು.

ಹಳೆಯ ಸಿನಿಮಾ ಇನ್ನೂ ಮಜಾ. 1978ರ ಜನವರಿಯಲ್ಲಿ 1,000, 5,000, 10,000ದ ನೋಟುಗಳು ರದ್ದಾದವು. 500ರ ನೋಟು ಬಂದದ್ದು 1987ರಲ್ಲಿ. ನಡುವಿನ ಅಷ್ಟೂ ವರ್ಷ ಈ ದೇಶದ ಅತಿ ದೊಡ್ಡ ನೋಟು ನೂರು ರೂಪಾಯಿಯದು. ಆ ಕಾಲದ ಚಿತ್ರದಲ್ಲಿ ಸ್ಮಗ್ಲರ್ ಒಬ್ಬ ಒಂದು ಕೋಟಿಯ ಪೆಟ್ಟಿಗೆ ಕೈಗಿಡುತ್ತಾನೆ ಅಂದರೆ ಒಂದು ಲಕ್ಷ ನೋಟು. ಒಂದು ಕ್ವಿಂಟಲ್ ಕಾಗದ! ಹಮಾಲಿ ಇಲ್ಲದೆ ಆಗುವ ವ್ಯವಹಾರವೇ ಅಲ್ಲ. ಹೀರೋ ಅದನ್ನು ಹಿಡಿದು ಡಾಕ್‌ಯಾರ್ಡ್ ಗೋಡೆ ಬೇರೆ ಹಾರುತ್ತಾನೆ.

ಎಲ್ಲಕ್ಕಿಂತ ನನಗೆ ಸಹಿಸಲಾಗದ್ದು, ಯಾರೂ ಎಣಿಸುವುದಿಲ್ಲ. ಮೇಲಿನ ಸಾಲು ನೋಡಿ "ಸರಿ ಇದೆ" ಅನ್ನುತ್ತಾರೆ. ನಾನು ಹಾಗೆ ಮಾಡಿದ್ದರೆ ಸಂಜೆ ಕ್ಯಾಶ್ ಟ್ಯಾಲಿ ಆಗದೆ ಕೈಯಿಂದ ತುಂಬಬೇಕಿತ್ತು.

ಇನ್ನೊಂದು ಮಾತು. 2017ರ ಏಪ್ರಿಲ್‌ನಿಂದ ಒಂದೇ ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಸೀರಿಯಲ್‌ನಲ್ಲಿ ಒಳ್ಳೆಯ ಅಣ್ಣ ತಂಗಿಯ ಮದುವೆಯ ಹಾಲ್‌ಗೆ 10 ಲಕ್ಷ ನಗದು ಎಣಿಸಿ ಕೊಡುತ್ತಾನಲ್ಲ, ಪಾಪ, ಆ ಹಾಲ್‌ನವನ ಗತಿ ಯೋಚಿಸಿ.

ಪೊವಾಯಿ ಪ್ರೇಕ್ಷಕ

ನೀವೆಲ್ಲ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೀರಿ. ದಿನವಿಡೀ ಬಿಲ್ಲು ಕಟ್ಟಿ ಬಂದವನು ರಾತ್ರಿ ಟಿವಿಯಲ್ಲೂ ಬಿಲ್ಲೇ ನೋಡಬೇಕಾ? ನನ್ನದು 430 ಚದರ ಅಡಿಯ ಮನೆ. ತೆರೆಯ ಮೇಲೆ ದೊಡ್ಡ ಹಾಲ್ ನೋಡಿದರೆ ನನಗೆ ಉಸಿರಾಡಿದ ಹಾಗಾಗುತ್ತದೆ. ಯಕ್ಷಗಾನದಲ್ಲಿ ಸುಗ್ರೀವನಿಗೆ ಕಿರೀಟಕ್ಕೆ ದುಡ್ಡೆಲ್ಲಿಂದ ಬಂತು ಅಂತ ಯಾರಾದರೂ ಕೇಳಿದ್ದಾರಾ?

ಗೋರೆಗಾಂವ್ ಸೆಟ್ ಹುಡುಗ

ಹಾಲ್ ಯಾಕೆ ದೊಡ್ಡದು ಅನ್ನುವುದಕ್ಕೆ ನಾನು ಉತ್ತರ ಕೊಡಬಲ್ಲೆ. ನನ್ನದು ಆರ್ಟ್ ಡಿಪಾರ್ಟ್‌ಮೆಂಟ್. ಗೋರೆಗಾಂವ್ ಫಿಲ್ಮ್ ಸಿಟಿ, ಮಢ್ ಕಡೆಯ ಬಂಗಲೆಗಳು, ನಾಯ್‌ಗಾಂವ್ ಸ್ಟುಡಿಯೋಗಳು, ಎಲ್ಲ ಕಡೆ ಗೋಡೆ ಕಟ್ಟಿದ್ದೇನೆ.

ಮೊದಲ ಮಾತು: ಶ್ರೀಮಂತಿಕೆ ತೋರಿಸಬೇಕು ಅಂತ ಮಾತ್ರ ಹಾಲ್ ದೊಡ್ಡದು ಮಾಡುವುದಿಲ್ಲ. ದುಡ್ಡು ಉಳಿಸಲು ಮಾಡುತ್ತೇವೆ. ನಗಬೇಡಿ. ದಿನವೂ ಪ್ರಸಾರವಾಗುವ ಸೀರಿಯಲ್‌ಗೆ ದಿನಕ್ಕೊಂದು ಎಪಿಸೋಡ್ ಹೊರಬರಬೇಕು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೆ ಲೈಟ್ ಎಲ್ಲ ಹೊಸದಾಗಿ ಹಾಕಬೇಕು, ಸಮಯ ಹೋಗುತ್ತದೆ. ಅದಕ್ಕೇ ಮನೆಯ ಹತ್ತು ಹನ್ನೆರಡು ಜನರನ್ನೂ ಒಂದೇ ಹಾಲ್‌ನಲ್ಲಿ ನಿಲ್ಲಿಸುತ್ತಾರೆ. ಒಬ್ಬ ಮಾತಾಡುತ್ತಾನೆ, ಉಳಿದವರ ಮುಖ ಒಂದೊಂದಾಗಿ ಹಿಡಿಯುತ್ತಾರೆ. ಅರ್ಧ ಎಪಿಸೋಡ್ ಮುಗಿಯಿತು. ಲಗ್ನ, ಜಗಳ, ಪೂಜೆ, ಸಾವು, ಎಲ್ಲ ಅಲ್ಲೇ. ಮೆಟ್ಟಿಲು ಯಾಕೆ? ಎಲ್ಲರೂ ಒಂದೇ ಎತ್ತರದಲ್ಲಿ ನಿಂತರೆ ಹಿಂದಿನವರ ಮುಖ ಕಾಣುವುದಿಲ್ಲ.

ಇನ್ನು ಕಾವೇರಿಯವರ ಮನೆಯಂಥ ನಿಜವಾದ ಒಂದು ಬೆಡ್‌ರೂಮ್ ಫ್ಲ್ಯಾಟ್‌ನಲ್ಲಿ ಶೂಟ್ ಮಾಡಬೇಕು ಅಂದುಕೊಳ್ಳಿ. ಎರಡು ಮೂರು ಕ್ಯಾಮೆರಾ, ಟ್ರಾಲಿ, ಲೈಟು, ಮೈಕ್ ಹಿಡಿದವನು, ಮೇಕಪ್, ಚಹಾ ನೀರು ಕೊಡುವ ಸ್ಪಾಟ್ ದಾದಾ. ಇವರೆಲ್ಲ ಹತ್ತು ಅಡಿ ಕೋಣೆಯಲ್ಲಿ ಎಲ್ಲಿ ನಿಲ್ಲಬೇಕು? ಸೆಟ್ ಆದರೆ ನಾಲ್ಕನೇ ಗೋಡೆ ಕಳಚಿ ಪಕ್ಕಕ್ಕಿಡುತ್ತೇವೆ. ಸೂರು ಇರುವುದೇ ಇಲ್ಲ, ಅಲ್ಲಿಂದಲೇ ಲೈಟ್ ಬಿಡುವುದು. ನಿಜವಾದ ಫ್ಲ್ಯಾಟ್ ಆದರೆ ಸೊಸೈಟಿಯ ಪರವಾನಗಿ ಬೇರೆ, ಮೇಲಿನ ಮನೆಯಲ್ಲಿ ಮಿಕ್ಸಿ ಶುರುವಾದರೆ ಶಾಟ್ ಹಾಳು. ಹಾಗಾಗಿ ಬಡವನ ಮನೆ ಶೂಟ್ ಮಾಡುವುದು ಅರಮನೆ ಶೂಟ್ ಮಾಡುವುದಕ್ಕಿಂತ ದುಬಾರಿ.

ಸಾಮಾನೆಲ್ಲ ಬಾಡಿಗೆಯದು. ಕಂಚಿನ ದೀಪ ಫೈಬರ್, ಅಮೃತಶಿಲೆ ಪ್ಲೈವುಡ್ ಮೇಲಿನ ಬಣ್ಣ. ಅತ್ತೆಯ ಮೈಮೇಲಿನ ಒಡವೆ ಇಮಿಟೇಶನ್. 2025ರಲ್ಲಿ ಚಿನ್ನ 10 ಗ್ರಾಂಗೆ ಲಕ್ಷ ದಾಟಿತು. ಅವರು ಕತ್ತಿನಲ್ಲಿ ಹಾಕುವಷ್ಟು ನಿಜವಾದ ಚಿನ್ನ ಹಾಕಿದರೆ ಸೆಟ್ ಕಾಯಲು ಪೊಲೀಸರು ಬೇಕು.

ಈಗ ನನ್ನ ಸಂಕಟ. ಟಿವಿ ಕೆಲಸದಲ್ಲಿ ತುಂಬ ಕಡೆ ದುಡ್ಡು ಬರುವುದು 90 ದಿನ ಕಳೆದ ಮೇಲೆ. ಇವತ್ತು ದುಡಿದದ್ದು ಮೂರು ತಿಂಗಳು ಬಿಟ್ಟು. ಒಬ್ಬ ನಿರ್ಮಾಪಕರು ಅದನ್ನೂ ದಾಟಿಸಿ, ಸೀರಿಯಲ್ ನಿಂತುಹೋಗಿ, ಕೊನೆಗೆ ಅರ್ಧಕ್ಕೆ ಒಪ್ಪಿಸಿದರು. ಆ ಸೀರಿಯಲ್‌ನಲ್ಲಿ ವಾರಕ್ಕೊಮ್ಮೆ 100 ಕೋಟಿಯ ಡೀಲ್ ಕುದುರುತ್ತಿತ್ತು.

ಕಾಂದಿವಲಿ ಕಾವೇರಿ

ಸೆಟ್ ಹುಡುಗರೇ, ಆ 90 ದಿನದ ಮಾತು ಓದಿ ಒಂದು ಹೊಳೆಯಿತು. ನನಗೆ ಸಿಟ್ಟು ಬರುವುದು ದೊಡ್ಡ ಮನೆಯ ಮೇಲಲ್ಲ. ತೆರೆಯ ಮೇಲೆ ದುಡ್ಡಿಗೆ ತಾರೀಖೇ ಇಲ್ಲ. ಅಲ್ಲಿ ದುಡ್ಡು ಬಂದರೆ ಒಟ್ಟಿಗೆ ಬರುತ್ತದೆ, ವಿಲ್, ಲಾಟರಿ, ಟೆಂಡರ್. ಹೋದರೆ ಒಟ್ಟಿಗೆ ಹೋಗುತ್ತದೆ, ಮೋಸ, ಬೆಂಕಿ, ಶೇರು. ನಮ್ಮ ಮನೆಯಲ್ಲಿ ದುಡ್ಡು ಅಂದರೆ ಕ್ಯಾಲೆಂಡರ್. 1ಕ್ಕೆ ಸಂಬಳ, 5ಕ್ಕೆ ಬಾಡಿಗೆ, 7ಕ್ಕೆ ಇಎಂಐ, 10ಕ್ಕೆ ಸ್ಕೂಲ್ ಬಸ್ಸು, ಮನೆಗೆಲಸದ ಬಾಯಿಗೆ ಸಂಬಳ, ಕರೆಂಟು, ಪೈಪಿನ ಗ್ಯಾಸು. 20ರ ನಂತರ ಬರುವ ಮದುವೆ ಕರೆಯೋಲೆಗೆ ಬೇರೆಯೇ ತೂಕ. ಒಂದೇ ಒಂದು ಪಾತ್ರ "ಇವತ್ತು 26, ಒಂದನೇ ತಾರೀಖು ಆಗಲಿ" ಅಂದದ್ದನ್ನು ನಾನು ಕೇಳಿಲ್ಲ.

ಪೊವಾಯಿಯವರಿಗೆ: ಸುಗ್ರೀವನನ್ನು ನೋಡಿ ಯಾರೂ ನಮ್ಮ ಹತ್ತಿರ ಸಾಲ ಕೇಳಿಲ್ಲ. ಬಾಂದ್ರಾ ಬಾಲ್ಕನಿ ನೋಡಿ ಕೇಳಿದ್ದಾರೆ. ನನ್ನ ತವರು ಕುಮಟಾ ಕಡೆ. ಅಲ್ಲಿಯವರಿಗೆ ಮುಂಬೈಯಲ್ಲಿ ಇಬ್ಬರು ದುಡಿಯುತ್ತಾರೆ ಅಂದರೆ ಮುಗಿಯಿತು. ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಐದು ಸಾವಿರ ಕೊಟ್ಟರೆ "ಇಷ್ಟೇನಾ?" ಅಂತ ಮುಖ. ಕಾಲೇಜು ಮುಗಿಸಿದ ಚಿಕ್ಕಮ್ಮನ ಮಗಳು ಫೋನ್ ಮಾಡಿ, ಅಂಧೇರಿಯಲ್ಲಿ 8,000ಕ್ಕೆ ಸಮುದ್ರದ ಹತ್ತಿರ ಒಂದು ಸಣ್ಣ ಮನೆ ನೋಡು ಅಂದಳು. ಪಿಜಿಯಲ್ಲಿ ಮೂರು ಜನರ ಕೋಣೆಯಲ್ಲಿ ಒಂದು ಮಂಚಕ್ಕೇ ಅದು ಸಾಲದು ಅಂದರೆ, ಅಕ್ಕನಿಗೆ ಸಹಾಯ ಮಾಡುವ ಮನಸ್ಸಿಲ್ಲ ಅಂತಾಯಿತು.

ಮಾಟುಂಗದ ಕ್ಯಾಶಿಯರ್

ಕಾವೇರಿ ಹೇಳಿದ್ದು ಈಗಿನದಲ್ಲ. ನಾವು ಹುಡುಗರಿದ್ದಾಗಲೇ ಸಿನಿಮಾದಲ್ಲಿ ಬೊಂಬಾಯಿಯಿಂದ ಬಂದವನು ಅಂದರೆ ಕಪ್ಪು ಕನ್ನಡಕ, ಸೆಂಟು, ದೊಡ್ಡ ಪೆಟ್ಟಿಗೆ. ನಿಜದಲ್ಲಿ ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಪಾಠ ಕಲಿತವರು. ಹೋಟೆಲಿನಲ್ಲೇ ಊಟ, ಅಲ್ಲೇ ಬೆಂಚಿನ ಮೇಲೆ ಮಲಗುವುದು. ಆದ್ದರಿಂದಲೇ ಊರಿಗೆ ಮನಿಯಾರ್ಡರ್ ಹೋಗುತ್ತಿತ್ತು. ದುಡ್ಡು ಉಳಿದದ್ದು ಸಂಬಳ ಜಾಸ್ತಿ ಅಂತ ಅಲ್ಲ, ಬಾಡಿಗೆ ಅನ್ನುವುದೇ ಇರಲಿಲ್ಲ. ಊರಿನವರಿಗೆ ಮನಿಯಾರ್ಡರ್ ಕಂಡಿತು, ಬೆಂಚು ಕಾಣಲಿಲ್ಲ.

ಗಿರ್ಗಾಂವ್ ಬಾಡಿಗೆದಾರ

ಸ್ವಲ್ಪ ಉಲ್ಟಾ ಮಾತಾಡುತ್ತೇನೆ. ಗುಮಾಸ್ತನಿಗೆ ದಕ್ಷಿಣ ಮುಂಬೈಯಲ್ಲಿ ಮನೆ ಅಂದರೆ ಅದು ಯಾವಾಗಲೂ ಸುಳ್ಳಲ್ಲ. ನಮ್ಮದು ಪಗಡಿ ಮನೆ, ಅಂದರೆ ಮಾಲೀಕನಿಗೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಹಿಡಿಯುವ ಬಾಡಿಗೆ ಮನೆ. ಅಜ್ಜ ಒಂದು ಗಂಟು ಕೊಟ್ಟು ಹಿಡಿದದ್ದು. 1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆಯನ್ನು ಕಟ್ಟಿಹಾಕಿತು, ಆಮೇಲೆ 1999ರ ಮಹಾರಾಷ್ಟ್ರ ಕಾಯ್ದೆ ಪಗಡಿ ಕೊಡುವುದಕ್ಕೆ ಕಾನೂನಿನ ಒಪ್ಪಿಗೆಯನ್ನೂ ಕೊಟ್ಟಿತು. ಇವತ್ತಿಗೂ ನಾವು ಕೊಡುವುದು ತಿಂಗಳಿಗೆ ಕೆಲವು ನೂರು ರೂಪಾಯಿ. ಪಕ್ಕದ ಹೊಸ ಟವರ್‌ನಲ್ಲಿ ಕಾರು ನಿಲ್ಲಿಸಲೂ ಅದು ಸಾಲದು.

ಅಮೆರಿಕದ ಫ್ರೆಂಡ್ಸ್ ಸೀರಿಯಲ್‌ನಲ್ಲಿ ಮೋನಿಕಾಳ ದೊಡ್ಡ ಮನೆಗೆ ಅವರು ಕೊಟ್ಟ ಕಾರಣವೂ ಇದೇ ಜಾತಿಯದು, ಅಜ್ಜಿಯ ಹೆಸರಲ್ಲಿರುವ ಬಾಡಿಗೆ ನಿಯಂತ್ರಣದ ಮನೆ. ನಮ್ಮ ಕಥೆಗಾರರಿಗೆ ಪಗಡಿ ಅನ್ನುವ ಸಿದ್ಧ ಉತ್ತರ ಮನೆಬಾಗಿಲಲ್ಲೇ ಇದೆ, ಯಾರೂ ಬಳಸುವುದಿಲ್ಲ. ಬಳಸಿದರೆ ಅದರ ಇನ್ನೊಂದು ಮುಖವೂ ತೋರಿಸಬೇಕಾಗುತ್ತದೆ ಅಂತ ಇರಬಹುದು. ಮಳೆಗಾಲದಲ್ಲಿ ಸೋರುವ ಸೂರು, ರಿಪೇರಿ ಮಾಡದ ಮಾಲೀಕ, ನಡುವೆ ಬಾಡಿಗೆ ಹಕ್ಕು ಮಾರಬೇಕೆಂದರೆ ಅವನಿಗೆ ಮೂರನೇ ಒಂದು ಪಾಲು ಕೊಡುವ ರೂಢಿ. ಮನೆ ಬೆಲೆ ಕೋಟಿ, ಕೈಯಲ್ಲಿ ದುಡ್ಡಿಲ್ಲ. ಇಂಥ ಮನುಷ್ಯನನ್ನು ನಾನು ತೆರೆಯ ಮೇಲೆ ಎಲ್ಲೂ ಕಂಡಿಲ್ಲ, ನಮ್ಮ ಬಿಲ್ಡಿಂಗ್‌ನ ಪ್ರತಿ ಮಾಳಿಗೆಯಲ್ಲೂ ಕಂಡಿದ್ದೇನೆ.

ಚಾಳ್, ಅಂದರೆ ಸಾಲು ಖೋಲಿಗಳ ಕಟ್ಟಡ, ತೋರಿಸಿದರೂ ಹಾಗೆಯೇ. ವರ್ಲಿಯ ಹಳೆಯ ಬಿಡಿಡಿ ಚಾಳ್ ಖೋಲಿ 160 ಚದರ ಅಡಿ. 1920ರ ದಶಕದಲ್ಲಿ ಕಟ್ಟಿದ್ದು, ಶೌಚಾಲಯ ಮಾಳಿಗೆಗೆಲ್ಲ ಸೇರಿ. ಸಿನಿಮಾದ ಚಾಳ್ ಖೋಲಿಯಲ್ಲಿ ನಾಯಕ ನಾಯಕಿ ಸುತ್ತು ಹೊಡೆದು ಕುಣಿಯಬಹುದು. ನಮ್ಮಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಕಾಲು ಮಡಚಬೇಕು.

ಹಿಂಜವಡಿ ಹುಡುಗ

ಪುಣೆಯಿಂದ ಎರಡು ಮಾತು. ಸೀರಿಯಲ್‌ನಲ್ಲಿ ನಾಯಕನಿಗೆ ಲಕ್ಷ ರೂಪಾಯಿ ಸಂಬಳದ ಕೆಲಸ ಸಿಗುತ್ತದೆ, ಒಂದನೇ ತಾರೀಖು ಪೂರ್ತಿ ಲಕ್ಷದ ಕವರ್ ಅಮ್ಮನ ಕೈಗೆ. ಸಿಟಿಸಿ (ನೌಕರನಿಗೆ ಕಂಪನಿ ಮಾಡುವ ಒಟ್ಟು ಖರ್ಚು) ಅನ್ನುವ ಮಾಯೆ ಅವರಿಗೆ ಗೊತ್ತೇ ಇಲ್ಲ. ಪಿಎಫ್ ಹೋಯಿತು, ಟಿಡಿಎಸ್ ಹೋಯಿತು, ವರ್ಷಕ್ಕೊಮ್ಮೆ ಬರುವ ಬೋನಸ್ಸನ್ನೂ ಸಿಟಿಸಿಯಲ್ಲೇ ಸೇರಿಸಿ ಹೇಳಿರುತ್ತಾರೆ. ಮಹಾರಾಷ್ಟ್ರದ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ವರ್ಷದ ಲೆಕ್ಕ 2,500ಕ್ಕೆ ಸರಿಹೋಗಲಿ ಅಂತ ಆ ನೂರು ಜಾಸ್ತಿ. ನನ್ನ ಮೊದಲ ಫೆಬ್ರವರಿ ಸ್ಲಿಪ್ ನೋಡಿ ಎಚ್‌ಆರ್‌ಗೆ ಮೇಲ್ ಹಾಕಿದ್ದೆ.

ಆಮೇಲೆ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ. ಪ್ರೇಮಿಗಳು ಮುನಿಸಿಕೊಂಡಾಗಲೆಲ್ಲ ಕಾರು ಹತ್ತಿ ಖಂಡಾಲಾ ಘಾಟಿಗೆ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಕಾರಿಗೆ ಟೋಲ್ 320 ಆಯಿತು, ಒಂದು ಕಡೆಗೆ. ಮುಂಬೈಯ ಸಮುದ್ರ ಸೇತುವೆ ಅಟಲ್ ಸೇತು ಶುರುವಾದಾಗ ಅಲ್ಲಿ 250. ಮುನಿಸು ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಕೈಗೆಟುಕುವುದಿಲ್ಲ.

ವಾಸ್ಕೋದ ಸರೋಜಾ

ಗೋವಾ ಬಗ್ಗೆ ಯಾರೂ ಹೇಳಲೇ ಇಲ್ಲ. ಗೋವಾ ಅಂದರೆ ಸಿನಿಮಾದವರಿಗೆ ಮೂವರು ಗೆಳೆಯರು, ಒಂದು ಓಪನ್ ಕಾರು, ಬೀಚ್ ಮನೆ. ಡಿಸೆಂಬರ್ ಕೊನೆಯ ವಾರದಲ್ಲಿ ಬಂದು ಆ ಬೀಚ್ ಮನೆಯ ರೇಟ್ ಕೇಳಿ ನೋಡಿ.

ನಮ್ಮ ಕಡೆಯವರು, ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿಯವರು, ಇಲ್ಲಿ ಆ ಬೀಚ್ ಮನೆಗಳನ್ನು ಕಟ್ಟುತ್ತಾರೆ, ಗುಡಿಸುತ್ತಾರೆ. ಕೊರೊನಾ ನಂತರ ದೆಹಲಿ, ಮುಂಬೈಯವರು ಲ್ಯಾಪ್‌ಟಾಪ್ ಹಿಡಿದು ಬಂದು ಕೂತ ಮೇಲೆ ಬಾಡಿಗೆ ಏರಿದ್ದು ನಮಗೆ. ನನ್ನ ತಮ್ಮ ಮಾಪುಸಾದಲ್ಲಿ ಗಾರೆ ಕೆಲಸ ಮಾಡುತ್ತಾನೆ, ಮನೆ ಮಾತ್ರ ಪ್ರತಿ ಸಲ ಒಂದೊಂದು ಊರು ಹಿಂದಕ್ಕೆ. ಟ್ಯಾಕ್ಸಿಗೆ ಕೊಡುವ ದುಡ್ಡಿನಲ್ಲಿ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬರಬಹುದು.

ಪರೇಲ್ ಸಿಸ್ಟರ್

ನಾನು ನರ್ಸ್. ನನಗೆ ರಕ್ತ ಕುದಿಯುವುದು "ನಾಳೆ ಬೆಳಗ್ಗೆಯೊಳಗೆ 10 ಲಕ್ಷ ಕಟ್ಟದಿದ್ದರೆ ಆಪರೇಷನ್ ಇಲ್ಲ" ಅನ್ನುವ ದೃಶ್ಯಕ್ಕೆ. ಅದನ್ನು ಕೇಳಿ ನಾಯಕ ಬ್ಯಾಂಕ್ ದರೋಡೆಗೆ ಹೋಗುತ್ತಾನೆ, ನಾಯಕಿ ಬೇಡದ ಮದುವೆಗೆ ಒಪ್ಪುತ್ತಾಳೆ. ಯಾರೂ ಆಸ್ಪತ್ರೆಯ ಸೋಷಿಯಲ್ ವರ್ಕರ್ ಕೋಣೆ ಎಲ್ಲಿದೆ ಅಂತ ಕೇಳುವುದಿಲ್ಲ.

ಮುಂಬೈಯಲ್ಲಿ ಕೆಇಎಂ, ಸಾಯನ್, ನಾಯರ್‌ನಂಥ ದೊಡ್ಡ ಮುನಿಸಿಪಲ್ ಆಸ್ಪತ್ರೆಗಳಿವೆ. ಕೆಇಎಂಗೆ 1926ರಿಂದ ಬಡವರು ಬರುತ್ತಿದ್ದಾರೆ. ಕ್ಯೂ ಉದ್ದ, ಮಂಚದ ಪಕ್ಕ ನೆಲದಲ್ಲೂ ರೋಗಿಗಳು, ಅದು ನಿಜ. ಆದರೆ ಆಪರೇಷನ್ ಆಗುತ್ತದೆ. ಇನ್ನು ಟ್ರಸ್ಟ್ ನಡೆಸುವ ಖಾಸಗಿ ಆಸ್ಪತ್ರೆಗಳು. ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಕೆಳಗೆ ಅವರು 10% ಹಾಸಿಗೆ ಕಡುಬಡವರಿಗೆ ಉಚಿತವಾಗಿ, ಇನ್ನೊಂದು 10% ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಇಡಬೇಕು. ಎಷ್ಟು ದೊಡ್ಡ ಹೆಸರಿದ್ದರೂ, ಲಾಬಿಯಲ್ಲಿ ಪಿಯಾನೋ ಇದ್ದರೂ, ಟ್ರಸ್ಟ್ ಆಗಿದ್ದರೆ ಈ ನಿಯಮ ಬಿಡುವುದಿಲ್ಲ.

ಇದರ ಮೇಲೆ ರಾಜ್ಯ ಸರ್ಕಾರದ ಉಚಿತ ಚಿಕಿತ್ಸೆಯ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ. ಮೊದಲು ಕುಟುಂಬಕ್ಕೆ ಒಂದೂವರೆ ಲಕ್ಷ ಇತ್ತು, ಈಗ ಐದು ಲಕ್ಷ. ಮೊದಲು ಹಳದಿ, ಕೇಸರಿ ರೇಷನ್ ಕಾರ್ಡಿನವರಿಗೆ, ಈಗ ಬಿಳಿ ಕಾರ್ಡಿನವರಿಗೂ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಮಾತ್ರ. ಎಲ್ಲ ಸುಲಭ ಅಂತ ನಾನು ಹೇಳುತ್ತಿಲ್ಲ. ಕಾಗದ, ಝೆರಾಕ್ಸ್, ಮಂಜೂರಾತಿ, ಕಾಯುವುದು. ಆದರೆ ಕಾಯುವುದನ್ನು ತೋರಿಸಿದರೆ ಕಥೆ ಓಡುವುದಿಲ್ಲ, ದರೋಡೆ ತೋರಿಸಿದರೆ ಓಡುತ್ತದೆ.

ಇನ್ನೊಂದು ಕಡೆ, ನಿಜವಾದ ಖರ್ಚೂ ತೋರಿಸುವುದಿಲ್ಲ. ಆಪರೇಷನ್ ಮುಗಿದರೆ ಸಿನಿಮಾದಲ್ಲಿ ಎಲ್ಲ ಮುಗಿಯಿತು. ಆಮೇಲಿನ ಔಷಧಿ, ಡ್ರೆಸ್ಸಿಂಗ್, ಪ್ರತಿ ವಾರ ವಿರಾರ್‌ನಿಂದ ಟ್ಯಾಕ್ಸಿ, ಜೊತೆಗೆ ಬಂದವನ ಕಳೆದುಹೋದ ದಿನಗೂಲಿ. ಮನೆಗಳು ಸೋಲುವುದು ಅಲ್ಲಿ.

ಪನವೇಲ್ ದಸ್ತಾವೇಜು

ಆಸ್ತಿ ದೃಶ್ಯ ಬಿಟ್ಟುಬಿಟ್ಟಿರಲ್ಲ. ಹೂಗುಚ್ಛ ತಂದ ಹುಡುಗ "ಮೇಡಂ ಇಲ್ಲಿ ಸೈನ್" ಅನ್ನುತ್ತಾನೆ, ಸೈನ್ ಹಾಕಿದ ಕೂಡಲೇ 200 ಕೋಟಿ ಬಂಗಲೆ ಚಿಕ್ಕಪ್ಪನದಾಗುತ್ತದೆ. ಅವತ್ತು ಸಂಜೆಯೇ ಎಲ್ಲರೂ ಬೀದಿಗೆ!

ನಾನು ಇದೇ ಕೆಲಸದವನು. 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿ ಮಾರಬೇಕೆಂದರೆ ನೋಂದಣಿ ಆಗಲೇಬೇಕು. ಮುಂಬೈಯಲ್ಲಿ ಸ್ಟ್ಯಾಂಪ್ ಡ್ಯೂಟಿ 6%, ಹೆಂಗಸರ ಹೆಸರಿಗೆ 1% ಕಡಿಮೆ. ಮೇಲೆ ನೋಂದಣಿಗೆ ಗರಿಷ್ಠ 30,000. ಅಂದರೆ ಚಿಕ್ಕಪ್ಪ ಮೋಸದಿಂದ 200 ಕೋಟಿ ಬರೆಸಿಕೊಳ್ಳಲು 12 ಕೋಟಿ ಸರ್ಕಾರಕ್ಕೆ ಕಟ್ಟಬೇಕು. ಅದೂ ಸಬ್ ರಿಜಿಸ್ಟ್ರಾರ್ ಎದುರು ಇಬ್ಬರೂ ಬಂದು, ಫೋಟೋ, ಹೆಬ್ಬೆಟ್ಟು, ಸಾಕ್ಷಿಗಳು. ಅಲ್ಲಿ ಸರ್ವರ್ ಡೌನ್ ಆದರೆ ಖಳನಾಯಕನೂ ಟೋಕನ್ ಹಿಡಿದು ವಡಾಪಾವ್ ತಿನ್ನುತ್ತ ಕೂರಬೇಕು.

ಪೊವಾಯಿ ಪ್ರೇಕ್ಷಕ

ಟೋಕನ್ ಹಿಡಿದ ಖಳನಾಯಕನನ್ನು ನಾನು ಖಂಡಿತ ನೋಡುತ್ತೇನೆ! ಆದರೆ ಪ್ರಾಮಾಣಿಕವಾಗಿ ಹೇಳಿ. ತಿಂಗಳ ಬಜೆಟ್ ತೋರಿಸುವ ಸೀರಿಯಲ್ ಬಂದರೆ ನಿಮ್ಮಲ್ಲಿ ಎಷ್ಟು ಜನ ನೋಡುತ್ತೀರಿ?

ಗಿರ್ಗಾಂವ್ ಬಾಡಿಗೆದಾರ

ಬಂದಿತ್ತಲ್ಲ, ನೋಡಿದ್ದೆವಲ್ಲ. 1988ರಲ್ಲಿ ದೂರದರ್ಶನದಲ್ಲಿ ವಾಗ್ಲೆ ಕಿ ದುನಿಯಾ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಪಾತ್ರ. ಸಾಮಾನ್ಯ ಗುಮಾಸ್ತ, ಸಾಮಾನ್ಯ ಮನೆ, ಸಣ್ಣ ಸಣ್ಣ ಪೇಚು. ಬಿಲ್ಡಿಂಗ್ ಪೂರ್ತಿ ಒಂದು ಮನೆಯಲ್ಲಿ ಸೇರುತ್ತಿತ್ತು. ಅದಕ್ಕೂ ಮೊದಲು, 1977ರಲ್ಲಿ, ಘರೋಂದಾ ಅನ್ನುವ ಹಿಂದಿ ಸಿನಿಮಾ. ಒಂದೇ ಆಫೀಸಿನ ಹುಡುಗ ಹುಡುಗಿ ಫ್ಲ್ಯಾಟ್‌ಗೆ ಅಂತ ದುಡ್ಡು ಕೂಡಿಡುತ್ತಾರೆ, ಬಿಲ್ಡರ್ ಮೋಸ ಮಾಡುತ್ತಾನೆ. ಅಲ್ಲಿ ಖಳನಾಯಕನೇ ಚದರ ಅಡಿ.

ಪೊವಾಯಿ ಪ್ರೇಕ್ಷಕ

1988ರಲ್ಲಿ ಬೇರೆ ಚಾನೆಲ್ ಎಲ್ಲಿತ್ತು ಸ್ವಾಮಿ? ಇದ್ದದ್ದನ್ನು ನೋಡಿದಿರಿ.

ಗೋರೆಗಾಂವ್ ಸೆಟ್ ಹುಡುಗ

ಇಬ್ಬರದ್ದೂ ಅರ್ಧ ಸರಿ. ಇವತ್ತು ಜಾಹೀರಾತು ಕೊಡುವವನು ಫ್ರಿಜ್, ಕಾರು, ಬಣ್ಣ ಮಾರುವವನು. ಅವನ ಜಾಹೀರಾತಿನ ನಡುವೆ ಸುಣ್ಣ ಉದುರಿದ ಗೋಡೆ ಬಂದರೆ ಅವನಿಗೆ ಹಿಡಿಸುವುದಿಲ್ಲ. ಒಮ್ಮೆ ನಾವು ಕೆಳಮಧ್ಯಮ ವರ್ಗದ ಮನೆ ಅಂತ ಗೋಡೆಗೆ ತೇವದ ಕಲೆ ಬರೆದಿದ್ದೆವು, ಎರಡು ದಿನ ಕಷ್ಟಪಟ್ಟು. ಚಾನೆಲ್‌ನಿಂದ ಬಂದವರು ನೋಡಿ "ಡಲ್ ಕಾಣುತ್ತಿದೆ" ಅಂದರು. ಗುಲಾಬಿ ಬಣ್ಣ ಹೊಡೆದೆವು. ಕಥೆಯಲ್ಲಿ ಅವರು ಸಾಲದಲ್ಲೇ ಇದ್ದರು.

ಕ್ಯಾಶಿಯರ್ ಸರ್, ನೋಟಿನ ಬಗ್ಗೆ: ಪೆಟ್ಟಿಗೆಯಲ್ಲಿ ಮೇಲೆ ಕೆಳಗೆ ಮಾತ್ರ ನೋಟು, ನಡುವೆ ಬಿಳಿ ಕಾಗದ. ಮೇಲಿನವೂ ಶೂಟಿಂಗ್ ನೋಟೇ, ಮೇಲೆ ಹಾಗೆಂದು ಅಚ್ಚು ಹಾಕಿರುತ್ತಾರೆ. ನಿಜ ನೋಟಿನ ಹಾಗೆ ಕಾಣುವಂತೆ ಅಚ್ಚು ಹಾಕುವುದೇ ಅಪರಾಧ, ಅದಕ್ಕೇ ಕ್ಯಾಮೆರಾ ಯಾವತ್ತೂ ಹತ್ತಿರ ಹೋಗುವುದಿಲ್ಲ. ತೂಕವೂ ಇರುವುದಿಲ್ಲ. ನಟರಿಗೆ "ಭಾರ ಇದೆ ಅಂತ ಎತ್ತಿ" ಅಂತ ಹೇಳಬೇಕು. ಮರೆತುಬಿಡುತ್ತಾರೆ.

ಮಾಟುಂಗದ ಕ್ಯಾಶಿಯರ್

ಅದೇ ಅಂದೆ. 20 ಕೆ.ಜಿ. ಎತ್ತಿದ ಭುಜ ಹಾಗಿರುವುದಿಲ್ಲ.

ಕಲ್ಯಾಣ್ ಲೋಕಲ್

ಚರ್ಚೆಯ ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಪರೇಲ್ ಸಿಸ್ಟರ್, ನಮ್ಮ ಬಿಲ್ಡಿಂಗ್‌ನ ವಾಚ್‌ಮನ್‌ಗೆ ಹೃದಯದ ಆಪರೇಷನ್ ಹೇಳಿದ್ದಾರೆ. ಮೂರು ಲಕ್ಷ ಅಂತ ಹೇಳಿ ಹೆದರಿಸಿದ್ದಾರೆ. ಊರು ಕಲಬುರಗಿ ಕಡೆ, ಆದರೆ ಇಲ್ಲೇ ರೇಷನ್ ಕಾರ್ಡ್ ಇದೆ. ನೀವು ಹೇಳಿದ ಯೋಜನೆ ಅವರಿಗೆ ಸಿಗುತ್ತದಾ? ನಾವು ಬಿಲ್ಡಿಂಗ್‌ನಲ್ಲಿ ದುಡ್ಡು ಕೂಡಿಸಲು ಹೊರಟಿದ್ದೆವು.

ಪರೇಲ್ ಸಿಸ್ಟರ್

ಕೂಡಿಸಿದ ದುಡ್ಡು ಆಮೇಲಿನ ಔಷಧಿಗೆ, ಮನೆ ಖರ್ಚಿಗೆ ಇಡಿ. ಮೊದಲು ರೇಷನ್ ಕಾರ್ಡ್, ಆಧಾರ್, ಇಲ್ಲಿಯವರೆಗಿನ ರಿಪೋರ್ಟ್ ಎಲ್ಲ ಒಂದು ಫೈಲ್ ಮಾಡಿ. ಕಾರ್ಡಿನಲ್ಲಿರುವ ಹೆಸರೂ ಆಧಾರ್‌ನ ಹೆಸರೂ ಒಂದೇ ಇದೆಯಾ ನೋಡಿ, ಹೆಚ್ಚಿನವರು ಸಿಕ್ಕಿಬೀಳುವುದು ಅಲ್ಲೇ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಂದು ಕೌಂಟರ್ ಇರುತ್ತದೆ. ದುಡ್ಡು ಕಟ್ಟುವ ಕೌಂಟರ್‌ಗಿಂತ ಮೊದಲು ಅಲ್ಲಿಗೆ ಹೋಗಿ. ಮಂಜೂರಾತಿ ಬರುವ ಮೊದಲೇ ಖಾಸಗಿಯಲ್ಲಿ ಅಡ್ಮಿಟ್ ಮಾಡಿ ದುಡ್ಡು ಕಟ್ಟಿಬಿಟ್ಟರೆ ಅದನ್ನು ವಾಪಸ್ ಪಡೆಯುವುದು ತುಂಬ ಕಷ್ಟ. ಬೆಳಗ್ಗೆ ಬೇಗ ಹೋಗಿ, ಕನ್ನಡ ಮರಾಠಿ ಎರಡೂ ಬರುವ ಒಬ್ಬರನ್ನು ಜೊತೆಗೆ ಕಳಿಸಿ. ಎದೆನೋವು ಜಾಸ್ತಿಯಾದರೆ ಮಾತ್ರ ಕಾಗದಕ್ಕೆ ಕಾಯಬೇಡಿ, ನೇರ ಕೆಇಎಂ ಅಥವಾ ಸಾಯನ್ ಎಮರ್ಜೆನ್ಸಿಗೆ ಕರೆದುಕೊಂಡು ಬನ್ನಿ.